ಮುಚ್ಚಿದ ಮಿಲ್ಲಿನ ಭೋಂಗಾ

೧೯೯೯ರಲ್ಲಿ ನಾನು ಹಳಿಯಾಳದ ಸರಕಾರಿ ದವಾಖಾನೆಯಲ್ಲಿ ಮೆಡಿಕಲ್ ಆಫೀಸರ್ ಆಗಿದ್ದೆ. ಊರವರ ಬಾಯಲ್ಲಿ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ. ಹೆರಿಗೆ, ಹಾವು ಕಡಿತ, ಕಬ್ಬು ಕಡಿಯುವಾಗ ಆದ ಗಾಯ, ಮಕ್ಕಳ ವಾಂತಿಭೇದಿ, ಎಲ್ಲಕ್ಕೂ ನಾನೇ. ತಲೆ ಕೆಟ್ಟವರಿಗೆ ಮಾತ್ರ ಚೀಟಿ ಬರೆದು ಧಾರವಾಡದ ಹುಚ್ಚಾಸ್ಪತ್ರೆಯ ದಾರಿ ತೋರಿಸುವುದು ವಾಡಿಕೆ. ನಮ್ಮ ಕಡೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂದರೆ ಅದು ಚೇಷ್ಟೆಯೂ ಹೌದು, ಬೈಗುಳವೂ ಹೌದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆ ಚೀಟಿ ಬರೆಯುವಾಗ ಮಾತ್ರ ಕೈ ತಡೆಯುತ್ತಿತ್ತು. ಒಮ್ಮೆ ಆ ಹೆಸರು ಬಿತ್ತೆಂದರೆ, ವಾಸಿಯಾಗಿ ಬಂದವನಿಗೂ ಊರಿನಲ್ಲಿ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಬಂದ ಒಂದು ಕೇಸಿಗೆ ನನ್ನ ವೈದ್ಯಕೀಯ ಪುಸ್ತಕಗಳಲ್ಲಿ ಹೆಸರಿರಲಿಲ್ಲ. ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೆ, ಅದೂ ವೈದ್ಯೆಯಲ್ಲದ ಒಬ್ಬಳಿಂದ, ಆ ಹೆಸರು ಸಿಕ್ಕಿತು. ಅದನ್ನು ಆಮೇಲೆ ಹೇಳುತ್ತೇನೆ.

ರಮಜಾನ್ ಸುರುವಾಗಿ ಒಂದು ವಾರ ಆಗಿರಬೇಕು. ಸಾಂಬ್ರಾಣಿಯ ಆಚೆಗಿನ ಒಂದು ಹಳ್ಳಿಯಿಂದ ರೇಣವ್ವ ಎಂಬ ಹೆಂಗಸು ಗಂಡನನ್ನು ಕರೆದುಕೊಂಡು ಬಂದಳು. ಗಂಡನ ಹೆಸರು ಪರಸಪ್ಪ. ದಾಂಡೇಲಿಯ ಒಂದು ಮಿಲ್ಲಿನಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದವನು. ಉಗಿ ತುಂಬಿದ ದೊಡ್ಡ ಹಂಡೆಯ ಮುಂದೆ ನಿಂತು ನೀರಿನ ಮಟ್ಟ, ಒತ್ತಡ ನೋಡುತ್ತಿರುವ ಕೆಲಸ ಅದು. ಮಿಲ್ಲು ಮುಚ್ಚಿದ ಮೇಲೆ ಕ್ವಾರ್ಟರ್ಸ್ ಬಿಟ್ಟು ಹೆಂಡತಿಯ ಊರಿಗೆ ಬಂದು, ಅವರಿವರ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದ. ಈಗ ಹಳಿಯಾಳದ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಮತ್ತೆ ಅದೇ ಬಾಯ್ಲರ್ ಕೆಲಸ ಸಿಗುವುದಿತ್ತು. ಬರುವ ಸೋಮವಾರದೊಳಗೆ ಸರಕಾರಿ ಡಾಕ್ಟರರ ಫಿಟ್‌ನೆಸ್ ಸರ್ಟಿಫಿಕೇಟ್ ಒಪ್ಪಿಸಬೇಕು. ಅದಕ್ಕೇ ಬಂದಿದ್ದರು.

ನಾಡಿ, ರಕ್ತದೊತ್ತಡ, ಕಣ್ಣು ಎಲ್ಲ ನೋಡಿ, ಆಳು ಗಟ್ಟಿ ಇದ್ದಾನೆ ಅಂದುಕೊಂಡು ಪೆನ್ನು ತೆಗೆದೆ. ಅಷ್ಟರಲ್ಲಿ ಅವನೇ ತಡೆದ.

“ಬಾಯಾರ, ಸಹಿ ಹಾಕೂಕಿಂತ ಮೊದ್ಲ ಒಂದು ಮಾತು ಹೇಳ್ತೇನ್ರಿ. ಮಿಲ್ಲು ಬಂದ್ ಆಗಿ ಮೂರು ವರ್ಷಾತು. ಈಗ ಅದರ ಭೋಂಗಾ ನನಗ ಕೇಳಸಾಕತ್ತೈತಿ.”

ಭೋಂಗಾ ಅಂದರೆ ಸೈರನ್. ದಾಂಡೇಲಿಯಲ್ಲಿ ಪಾಳಿ ಬದಲಾಗುವುದು, ಚಹಾಕ್ಕೆ ಒಲೆ ಹಚ್ಚುವುದು, ಮಕ್ಕಳನ್ನು ಸಾಲೆಗೆ ಎಬ್ಬಿಸುವುದು ಎಲ್ಲ ಭೋಂಗಾದ ಮೇಲೆಯೇ. ಪರಸಪ್ಪನಿಗೆ ಅದು ಬೆಳಗು ಹರಿಯುವ ಮೊದಲು ಒಮ್ಮೆ, ಹೊತ್ತು ಮುಳುಗುವಾಗ ಇನ್ನೊಮ್ಮೆ ಕೇಳಿಸುತ್ತಿತ್ತು. ಕೇಳಿದ್ದೇ ತಡ, ಎದ್ದು ಹಳೆಯ ಖಾಕಿ ಅಂಗಿ ತೊಟ್ಟು ಸೈಕಲ್ ಹತ್ತಿ ದಾಂಡೇಲಿಗೆ ಹೋಗಿ, ಬೀಗ ಹಾಕಿದ ಗೇಟಿನ ಮುಂದೆ ನಿಲ್ಲುತ್ತಿದ್ದ. ಹುಲ್ಲು ಬೆಳೆದ ಅಂಗಳ ನೋಡಿ ತಿರುಗಿ ಬರುತ್ತಿದ್ದ. ಸಂಜೆ ಹೊರಟರೆ ರೇಣವ್ವ ಬಾಗಿಲಿಗೆ ಅಡ್ಡ ನಿಂತು ತಡೆಯುತ್ತಿದ್ದಳು.

ಊರಿನಲ್ಲಿ ಆ ಹೊತ್ತಿಗೆ ಭೋಂಗಾ ಆಗುವುದೇನೋ ನಿಜ, ಅಂದಳು ರೇಣವ್ವ. ಆದರೆ ಅದು ಮಸೂತಿಯದು. ಉಪವಾಸ ಹಿಡಿಯುವ ಹೊತ್ತು, ಬಿಡುವ ಹೊತ್ತು ತಿಳಿಸಲು ರಮಜಾನ್ ತಿಂಗಳಿನಲ್ಲಿ ಊದುವಂಥದ್ದು. ಅದು ಇಡೀ ಊರಿಗೆ ಮಸೂತಿಯದಾಗಿ ಕೇಳಿದರೆ ಇವನೊಬ್ಬನಿಗೆ ಮಿಲ್ಲಿನದಾಗಿ ಕೇಳುತ್ತದೆ. ಮರ್ಯಾದೆಗೆ ಅಂಜಿ ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದವರಿಗೆ ಕೆಲಸ ಹುಡುಕಲಿಕ್ಕೆ ಅಂತ ಹೇಳಿ ಮುಗಿಸುತ್ತಿದ್ದಳು.

ಇಲ್ಲದ ಸದ್ದು ಕೇಳಿದರೆ ಅದನ್ನು ನಾವು ಹ್ಯಾಲುಸಿನೇಶನ್ ಅನ್ನುತ್ತೇವೆ. ಇರುವ ಸದ್ದನ್ನೇ ಬೇರೆ ಏನೋ ಎಂದು ತಿಳಿದರೆ ಇಲ್ಯೂಶನ್. ಇದು ಎರಡನೆಯದು ಅನ್ನಿಸಿತು. ಆದರೆ ಅಂಗಿ ತೊಟ್ಟು ಬೀಗ ಹಾಕಿದ ಗೇಟಿನ ತನಕ ಹೋಗುವುದು ಹಗುರ ವಿಷಯವಲ್ಲ. ಬಾಯ್ಲರ್ ಮುಂದೆ ನಿಂತವನ ಚಿತ್ತ ಚಲಿಸಿದರೆ ಅವನಷ್ಟೇ ಅಲ್ಲ, ಸುತ್ತ ಇದ್ದವರೂ ಸಾಯುತ್ತಾರೆ. ಸಹಿ ಹಾಕಿದರೆ ಅವರ ಜೀವ ನನ್ನ ಕೊರಳಿಗೆ, ಹಾಕದಿದ್ದರೆ ಈ ಮನೆಯ ಅನ್ನ ಹೋದ ಹಾಗೆ. ಎರಡು ದಿನ ಬಿಟ್ಟು ಬರ್ರಿ ಅಂದೆ. ಪರಸಪ್ಪ ಎದ್ದು ನಿಂತು, ಧಾರವಾಡಕ್ಕೇ ಬರೆಯುವುದಿದ್ದರೆ ಬರೆದುಬಿಡಿ, ತನಗೂ ಸಾಕಾಗಿದೆ ಅಂದ. ತನ್ನ ತಲೆಯ ಮೇಲೆ ತನಗೇ ನಂಬಿಕೆ ಹೋದ ಮನುಷ್ಯನನ್ನು ನೋಡುವುದು ಕಷ್ಟ.

ಆ ಭಾನುವಾರ ಪಲ್ಸ್ ಪೋಲಿಯೋ. ಬೂತುಗಳನ್ನು ನೋಡಿಕೊಂಡು ಅದೇ ಹಳ್ಳಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಮಸೂತಿ ಕಮಿಟಿಯ ಹಿರಿಯರು ರಹಮಾನಸಾಬರು, ಪಂಪ್‌ಸೆಟ್ ರಿಪೇರಿ ಮಾಡುವವರು, ಜೀಪಿಗೇ ಅಡ್ಡ ಬಂದರು. ಹೊತ್ತು ಮುಳುಗುವಾಗ ಬಂದವರನ್ನು ಹಾಗೇ ಕಳಿಸುವ ಪದ್ಧತಿ ತಮ್ಮಲ್ಲಿ ಇಲ್ಲ, ರೋಜಾ ಬಿಡುವ ಹೊತ್ತಾಯಿತು, ಎರಡು ಖಜೂರ ತಿಂದೇ ಹೋಗಬೇಕು ಅಂದರು. ಅವರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತೆ. ಮುಂದೆ ಖಜೂರ, ಬಾಳೆಹಣ್ಣು, ಬಿಸಿ ಭಜಿ. ಎಲ್ಲರೂ ಸುಮ್ಮನೆ ಕಾಯುತ್ತಿದ್ದರು.

ಆಗ ಭೋಂಗಾ ಆಯಿತು. ಮೊದಲು ಒಂದು ಸಲ ಕೆಮ್ಮಿದಂತೆ ಆಗಿ, ಆಮೇಲೆ ಏರಿತು. ಏನು ದನಿ ಅಂತೀರಿ! ತಟ್ಟೆಯ ಮೇಲಿನ ಲೋಟ ಗದಗದ ನಡುಗಿತು. ನಾನು ಕುಳಿತಲ್ಲೇ ಬೆಚ್ಚಿಬಿದ್ದೆ. ಹಳ್ಳಿಯ ಮಸೂತಿಗೆ ಇಷ್ಟು ದೊಡ್ಡದು ಯಾಕೆ ಅಂತ ಕೇಳಿದೆ. ರಹಮಾನಸಾಬರು ನೀರು ಕುಡಿದು, ಮೀಸೆ ಒರೆಸಿಕೊಂಡು, ಹೆಮ್ಮೆಯಿಂದ ಹೇಳಿದರು.

“ಹಳೇ ಕೈ ಭೋಂಗಾ ಕೆಟ್ಟಿತ್ರಿ ಬಾಯಾರ. ಇದನ್ನ ಈ ವರ್ಷನ ದಾಂಡೇಲಿ ಗುಜರಿ ಅಂಗಡ್ಯಾಗಿಂದ ತಂದು ನಾನ ಕುಂಡ್ರಿಸೇನಿ. ಬಂದ್ ಆದ ಮಿಲ್ಲಿನ ಮಾಲು. ಬೇರಿಂಗ್ ಸವದೈತಿ, ಅದಕ್ಕ ಸುರುವಿಗೆ ಕೆಮ್ಮತೈತಿ.”

ಯಾವ ಮಿಲ್ಲು ಎಂದು ಕೇಳಿದೆ. ಪರಸಪ್ಪ ದುಡಿಯುತ್ತಿದ್ದ ಮಿಲ್ಲೇ.

ಬಾಯಲ್ಲಿದ್ದ ಖಜೂರದ ಬೀಜ ನುಂಗುವುದೊಂದು ಬಾಕಿ. ಜೋರಾಗಿ ನಕ್ಕುಬಿಟ್ಟೆ. ಉಪವಾಸ ಬಿಡುತ್ತಿದ್ದವರೆಲ್ಲ, ಡಾಕ್ಟರ್ ಬಾಯಿಗೆ ಏನೋ ಬಡಿಯಿತು ಎಂದು ನನ್ನ ಮುಖವನ್ನೇ ನೋಡಿದರು. ಎದೆಯ ಮೇಲಿನ ಕಲ್ಲು ಇಳಿಯುವುದು ಅಂತ ಬರೀ ಮಾತಿಗೆ ಹೇಳುತ್ತೇವೆ. ಅವತ್ತು ನನಗೆ ನಿಜವಾಗಿ ಉಸಿರು ಹಗುರಾಯಿತು.

ಡ್ರೈವರನನ್ನು ಕಳಿಸಿ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದೆ. ಪರಸಪ್ಪ ಖಾಕಿ ಅಂಗಿಯಲ್ಲೇ ಬಂದ. ರಹಮಾನಸಾಬರು ಅವನನ್ನು ಮಸೂತಿಯ ಪಕ್ಕದ ಮೆಟ್ಟಿಲಿನಿಂದ ಮೇಲೆ ಕರೆದುಕೊಂಡು ಹೋಗಿ ಭೋಂಗಾ ತೋರಿಸಿದರು. ಅದರ ಮೈಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಇಳಿದು ಬಂದು ಕಟ್ಟೆಯ ಮೇಲೆ ಕುಳಿತವನೇ ಅತ್ತ. ಅಳುತ್ತಲೇ ನಕ್ಕ. ತನ್ನ ತಲೆ ನೆಟ್ಟಗಿದೆಯಲ್ಲ ಎಂದು ನನ್ನನ್ನೂ ಹೆಂಡತಿಯನ್ನೂ ಮತ್ತೆ ಮತ್ತೆ ಕೇಳಿದ. ರೇಣವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಮಸೂತಿಯವರಿಗೆ ಒಂದು ಮಾತು ಕೇಳಿದ್ದರೆ ಇಷ್ಟು ದಿನ ಬೇಯುವುದಿರಲಿಲ್ಲ. ಆದರೆ ಅಂಥ ಮಾತನ್ನು ಯಾರ ಮುಂದೆ ಬಿಚ್ಚುವುದು?

ಒಂದು ಪ್ರಶ್ನೆ ಉಳಿದಿತ್ತು. ದನಿ ಮಿಲ್ಲಿನದೇ ಸರಿ. ಮಿಲ್ಲು ಮುಚ್ಚಿದ್ದು ಗೊತ್ತಿದ್ದೂ ಗೇಟಿನ ತನಕ ಯಾಕೆ ಹೋದೆ ಎಂದು ಕೇಳಿದೆ.

“ಬಂದ್ ಮಾಡೂ ದಿವ್ಸ ನಮ್ಮನ್ನೆಲ್ಲಾ ನಿಂದ್ರಿಸಿ ಹೇಳಿದ್ರಲ್ರಿ. ಮತ್ತ ಚಾಲೂ ಮಾಡ್ತೇವಿ, ಭೋಂಗಾ ಆದ ದಿವ್ಸ ಬರ್ರಿ ಅಂದಿದ್ರು.”

ರಹಮಾನಸಾಬರು ಎದ್ದು ಹೋಗಿ ಅವನಿಗೊಂದು ಬಟ್ಟಲು ಗಂಜಿ ತಂದುಕೊಟ್ಟರು.

ಈಗ ಆ ಹೆಸರಿನ ವಿಷಯ. ನನ್ನ ತಂಗಿಯ ಮಗಳು ಧಾರವಾಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಹೋದ ವರ್ಷ ಅವಳು ‘ಹಾಂಟಾಲಜಿ’ ಎಂಬ ವಿಷಯದ ಮೇಲೆ ಭಾಷಣ ಸಿದ್ಧ ಮಾಡುತ್ತಿದ್ದಳು. ದೆವ್ವ ಬಿಡಿಸುವ ಶಾಸ್ತ್ರವೇನೇ ಅದು ಎಂದು ಚೇಷ್ಟೆ ಮಾಡಿದೆ. ಹೆಚ್ಚುಕಡಿಮೆ ಹಾಗೇ ಅಂದಳು. ತೊಂಬತ್ತರ ದಶಕದಲ್ಲಿ ಫ್ರಾನ್ಸಿನ ತತ್ವಜ್ಞಾನಿಯೊಬ್ಬರು ಹುಟ್ಟಿಸಿದ ಶಬ್ದವಂತೆ. ಮುಗಿಯಿತು ಎಂದು ನಾವು ಬಾಗಿಲು ಹಾಕಿದ್ದು ಪೂರ್ತಿ ಮುಗಿದಿರುವುದಿಲ್ಲ. ಇಲ್ಲಿ ಇಲ್ಲ, ಆದರೆ ಇಲ್ಲವೇ ಇಲ್ಲ ಎನ್ನುವ ಹಾಗೂ ಇಲ್ಲ. ದೆವ್ವದ ಸ್ಥಿತಿಯೂ ಅದೇ ತಾನೇ? ಆಮೇಲೆ ಸಂಗೀತದ ವಿಮರ್ಶಕರು ಆ ಶಬ್ದವನ್ನು ಎತ್ತಿಕೊಂಡರಂತೆ. ನಿನ್ನೆ ಮೊನ್ನೆ ಮಾಡಿದ ಹಾಡಿಗೆ ಹಳೆಯ ಗ್ರಾಮಫೋನ್ ತಟ್ಟೆಯ ಚರಚರ ಸದ್ದನ್ನು ಬೇಕೆಂದೇ ಸೇರಿಸುತ್ತಾರೆ. ಹೊಸ ಫೋಟೋಕ್ಕೆ ಹಳದಿ ಬಣ್ಣ ಬಳಿಯುತ್ತಾರೆ. ಹೊಸ ಖಾನಾವಳಿಯ ಗೋಡೆಗೆ ತುಕ್ಕು ಹಿಡಿದ ಸೋಪಿನ ಬೋರ್ಡು ತೂಗುಹಾಕುತ್ತಾರೆ. ಥೇಟರು ಕೆಡವಿ ಎಷ್ಟೋ ಕಾಲವಾದರೂ ಕಂಡಕ್ಟರು ‘ಟಾಕೀಸ್, ಟಾಕೀಸ್’ ಎಂದು ಕೂಗಿಯೇ ಜನರನ್ನು ಇಳಿಸುತ್ತಾನೆ.

ಹಳೆಯದರ ಮೇಲೆ ಆಸೆ, ಅಷ್ಟೇ ತಾನೇ ಎಂದೆ. ಅಲ್ಲ ಅಂದಳು. ನಮ್ಮನ್ನು ಕಾಡುವುದು ಹೋದ ಕಾಲಕ್ಕಿಂತ ಹೆಚ್ಚಾಗಿ, ಆ ಕಾಲ ನಮಗೆ ಮಾತು ಕೊಟ್ಟು ಬಾರದೇ ಉಳಿದ ನಾಳೆ.

ನಾನು ಪರಸಪ್ಪನ ಕಥೆ ಹೇಳಿದೆ. ಹುಡುಗಿ ಪೆನ್ನು ಕೆಳಗಿಟ್ಟು, ಇದನ್ನು ನೀ ಯಾಕ ಬರೆದಿಲ್ಲ ಮಾವಶಿ ಎಂದು ನನ್ನ ಮೇಲೇ ಸಿಟ್ಟಾದಳು. ಅದಕ್ಕೇ ಬರೆಯುತ್ತಿದ್ದೇನೆ.

ಯಾರಾದರೂ ತಮಗೇನೋ ಕೇಳಿಸುತ್ತದೆ ಎಂದು ಬಂದರೆ, ಮೊದಲು ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹೋಗಿ ನೋಡಬೇಕು. ಆಮೇಲೆ ಕಿವಿ, ಆಮೇಲೆ ತಲೆ. ಜೊತೆಗೆ, ಆ ಸದ್ದಿಗೆ ಅವರು ಯಾವ ಮಾತನ್ನು ಕಟ್ಟಿಕೊಂಡಿದ್ದಾರೆ ಎಂದೂ ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇದು. ಆಮೇಲೆ ನಾನು ಧಾರವಾಡಕ್ಕೆ ಚೀಟಿ ಬರೆಯಲಿಲ್ಲ ಎಂದಲ್ಲ. ಬರೆಯಬೇಕಾದಲ್ಲಿ ಬರೆದೆ, ಅಲ್ಲಿ ಗುಣವಾಗಿಯೂ ಬಂದರು. ಆದರೆ ಕೇಳದೆ ಬರೆಯಲಿಲ್ಲ.

ಆ ಭಾನುವಾರದ ಮರುದಿನ, ಸೋಮವಾರ, ದವಾಖಾನೆ ತೆರೆಯುವ ಮೊದಲೇ ಪರಸಪ್ಪ ಬಾಗಿಲಲ್ಲಿ ನಿಂತಿದ್ದ. ಬೆಳಿಗ್ಗೆ ಭೋಂಗಾ ಆಯಿತೇ ಎಂದೆ. ಆಯಿತು ಅಂದ. ಏನು ಮಾಡಿದಿ ಎಂದೆ. ಈ ಉತ್ತರದ ಮೇಲೆ ನನ್ನ ಸಹಿ ನಿಂತಿತ್ತು. ಅದು ಅವನಿಗೂ ಗೊತ್ತಿತ್ತು. ಆದರೂ ಅವನು ಅವಸರ ಮಾಡಲಿಲ್ಲ.

“ಈಗ ಅದು ಯಾರನ್ನ ಎಬ್ಬಸ್ತೈತಿ ಅಂತ ಗೊತ್ತಾತಲ್ರಿ ಬಾಯಾರ. ಮಗ್ಗಲಾ ಬದಲಿಸಿ ಮಲಕೊಂಡ್ನಿ.”