ಸೂಜಿ ಆಫೀಸಿನಲ್ಲಿ, ಕಣಜದ ಹುಳು ಮರದಲ್ಲಿ

ಕಚ್ಚಿದ್ದು ಕುತ್ತಿಗೆಗೆ. ಮೊದಲು ತುರಿಸಿದ್ದು ಅಂಗೈ.

ಸುಂಟಿಕೊಪ್ಪದ ಹತ್ತಿರದ ತೋಟವೊಂದರಲ್ಲಿ ಮೆಣಸು ಕೊಯ್ಯಲು ಏಣಿ ಹತ್ತಿದ್ದೆ. ಬಳ್ಳಿಯ ಮರೆಯಲ್ಲಿ ಕಣಜದ ಗೂಡಿತ್ತು, ಕಾಣಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಮರ ಹತ್ತುವುದೇ ನನ್ನ ಕಸುಬು. ಹುಳು ಕಚ್ಚಿತೆಂದು ಯಾವತ್ತೂ ಏಣಿ ಇಳಿದವನಲ್ಲ. ಅವತ್ತು ಇಳಿದೆ. ಮೈಯೆಲ್ಲ ದದ್ದು. ನಾಲಿಗೆ ಊದಿ ಬಾಯಲ್ಲಿ ಹಿಡಿಸುತ್ತಿರಲಿಲ್ಲ.

ಉಸಿರು ಸಿಗಲಿಲ್ಲ.

ಕೆಳಗೆ ಉದುರಿದ ಮೆಣಸು ಹೆಕ್ಕುತ್ತಿದ್ದ ಹೆಂಡತಿ ಸುಮಿತ್ರ ಓಡಿ ಬಂದು ನನ್ನನ್ನು ನೆಲಕ್ಕೆ ಒರಗಿಸಿದಳು. ಜೊತೆ ಕೆಲಸದ ಬಶೀರ್ ಕಾಕ ಎಲೆಅಡಿಕೆಯ ಸುಣ್ಣ ತೆಗೆದು ಕುತ್ತಿಗೆಗೆ ಬಳಿದರು.

"ಮಲಗಿಸ್ಬೇಡಮ್ಮ, ವಿಷ ತಲೆಗೇರ್ತದೆ! ನಡೆಸು, ನಡೆಸು!"

ನಮ್ಮ ಕೂಲಿಯವರ ಲೈನ್ ಮನೆಗಳಲ್ಲಿ ಹಾವು ಕಚ್ಚಿದವರನ್ನೂ ಹೀಗೆಯೇ ನಡೆಸುವುದು, ಮಲಗಲು ಬಿಡುವುದಿಲ್ಲ. ಇಬ್ಬರೂ ಹೆಗಲು ಕೊಟ್ಟು ನನ್ನನ್ನು ರಸ್ತೆಯವರೆಗೆ ನಡೆಸಿದರು. ಜೀಪಿನ ಬಾಗಿಲು ಕಂಡದ್ದು ನೆನಪಿದೆ. ಆಮೇಲಿನದು ಇಲ್ಲ.

ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರಂತೆ, ಎರಡು ಸಲ. ಕಣ್ಣು ಬಿಟ್ಟಾಗ ಡಾಕ್ಟರಮ್ಮ ಸುಮಿತ್ರಳಿಗೆ ಹೇಳುತ್ತಿದ್ದರು: "ಹುಳದ ವಿಷ ಅಲರ್ಜಿಯಾಗಿ ಬಿಪಿ ಪೂರ್ತಿ ಬಿದ್ದಿತ್ತು. ಇಂಥವರನ್ನ ಮಲಗಿಸಿ ಕಾಲು ಎತ್ತಿಡಬೇಕಮ್ಮ. ನಡೆಸಿದ್ರಲ್ಲ, ಅದರಲ್ಲೇ ಹೋಗಿಬಿಡ್ತಿದ್ರು."

ಸುಮಿತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ, ಕಾಕನ ಮೇಲೂ ಅಲ್ಲ. ವರ್ಷಾ ವರ್ಷ ಆ ಹುಳುಗಳ ನಡುವೆಯೇ ಏಣಿ ಇಡುವವರು ನಾವು. ಇಷ್ಟು ಸಣ್ಣ ವಿಷಯವನ್ನು ನಮಗೆ ಹೇಳಿಕೊಡಬೇಕೆಂದು ಒಬ್ಬರಿಗೂ ಅನಿಸಲಿಲ್ಲವಲ್ಲ!

ಇನ್ನೊಂದು ಸಲ ಕಚ್ಚಿದರೆ ಇದಕ್ಕಿಂತ ಜೋರಾಗಬಹುದು, ಮದ್ದು ಪಕ್ಕದಲ್ಲೇ ಇರಬೇಕು, ಪಕ್ಕದಲ್ಲಿರುವವರಿಗೆ ಅದನ್ನು ಕೊಡಲು ಬರಬೇಕು ಎಂದರು ಡಾಕ್ಟರಮ್ಮ. ತೋಟಕ್ಕೇ ಬಂದು ಟ್ರೈನಿಂಗ್ ಕೊಡಲೂ ಒಪ್ಪಿದರು.

ಟ್ರೈನಿಂಗ್ ದಿನ ತೋಟದ ಆಫೀಸಿನ ಕುರ್ಚಿಗಳಲ್ಲಿ ಕೂತಿದ್ದವರು ಯಾರು? ಮ್ಯಾನೇಜರ್, ಡ್ರೈವರ್, ಕ್ಲರ್ಕ್. ನಮ್ಮ ಹಾಜರಿ ಹಾಕುವ ರೈಟರ್ ನಮ್ಮನ್ನು ಬಾಗಿಲಲ್ಲೇ ತಡೆದ.

"ನಿಮಗೆಲ್ಲ ಯಾಕ್ರಯ್ಯಾ ಸೂಜಿ? ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ಮದ್ದಿನ ಬಾಕ್ಸ್ ಇಲ್ಲೇ ಇರ್ತದೆ. ಕೂಗಿ, ಬರ್ತೀವಿ."

"ಕೂಗಕ್ಕೆ ಗಂಟಲು ಬೇಕಲ್ಲ ಸ್ವಾಮಿ? ಮೊದ್ಲು ಕಟ್ಕೊಳ್ಳೋದೇ ಅದು" ಎಂದೆ.

"ಹಂಗಾದ್ರೆ ಕಣಜಕ್ಕೂ ಆಫೀಸಿಗೆ ಬಂದು ಕಚ್ಚಕ್ಕೆ ಹೇಳಿ ರೈಟ್ರೇ" ಎಂದರು ಕಾಕ.

ಡಾಕ್ಟರಮ್ಮ ಸಾಮಾನು ಎತ್ತಿಕೊಂಡು ಕಾಫಿ ಒಣಗಿಸುವ ಕಣಕ್ಕೆ ಬಂದರು. ಆಫೀಸಿನವರೂ ಬಂದು ನಮ್ಮ ಹಿಂದೆ ನಿಂತರು. ಮದ್ದಿನ ಗಾಜು ಒಡೆಯುವುದು, ಗೆರೆಯವರೆಗೆ ಸಿರಿಂಜಿಗೆ ಎಳೆಯುವುದು, ತೊಡೆಯ ಹೊರಬದಿಗೆ ನೇರ ಚುಚ್ಚುವುದು, ಚುಚ್ಚಿದ ಮೇಲೂ ಆಸ್ಪತ್ರೆಗೆ ತರಲೇಬೇಕಾದದ್ದು, ಎಲ್ಲ ಹೇಳಿಕೊಟ್ಟರು. ಸುಮಿತ್ರ ಕಿತ್ತಳೆ ಹಣ್ಣಿಗೆ ನೀರು ಚುಚ್ಚಿ ಕಲಿತಳು. ಮೊದಲ ಸಲ ಸೂಜಿ ಜಾರಿ ಹಣ್ಣು ಉರುಳಿಹೋಯಿತು.

"ಗಂಡ ಹಂಗೆ ಉರುಳಲ್ಲ, ಧೈರ್ಯವಾಗಿ ಚುಚ್ಚು" ಎಂದರು ಕಾಕ. ಎಲ್ಲರೂ ನಕ್ಕರು. ಎರಡನೇ ಸಲ ಸೂಜಿ ಸರಿಯಾಗಿ ಇಳಿಯಿತು.

ಬೇರೆ ಕಸುಬು ನನಗೆ ಬರುವುದಿಲ್ಲ; ಮತ್ತೆ ಮರಕ್ಕೆ ಹೋಗುತ್ತಿದ್ದೇನೆ. ಡಾಕ್ಟರಮ್ಮ ಬರೆದುಕೊಟ್ಟ ಮದ್ದು ಸುಮಿತ್ರಳ ಸೊಂಟದ ಚೀಲದಲ್ಲಿರುತ್ತದೆ. ಯಾರ ಹಂಗಿನಲ್ಲೂ ಬದುಕಿದವನಲ್ಲ ನಾನು. ಈಗ ಅವಳು ಬಂದು ಬುಡದಲ್ಲಿ ನಿಲ್ಲುವವರೆಗೆ ಮೊದಲ ಮೆಟ್ಟಿಲಿಗೂ ಕಾಲಿಡುವುದಿಲ್ಲ.

"ಬಂದಿದ್ದೀನಿ, ಹತ್ತಿ" ಎನ್ನುತ್ತಾಳೆ. ಹತ್ತುತ್ತೇನೆ.