ಸೀಟಿ ಟೀಚರ್ ಕೊಡದ ಪುಸ್ತಕ

ಆ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಆಟ ಕಲಿಸಿದ ಹೆಂಗಸಿಗೆ ಒಂದು ಒಳ್ಳೆಯ ಹೆಸರಿತ್ತು. ಆದರೆ ಅದನ್ನು ಹಿಡಿದು ಕರೆದವರು ಯಾರೂ ಇಲ್ಲ. ಮಕ್ಕಳಿಗೆ ಅವಳು ಸೀಟಿ ಟೀಚರ್. ಮಕ್ಕಳ ಅಪ್ಪ ಅಮ್ಮಂದಿರೂ ಅದೇ ಮೈದಾನದಲ್ಲಿ ಮಂಡಿ ತರಚಿಕೊಂಡವರಾದ್ದರಿಂದ ಅವರಿಗೂ ಸೀಟಿ ಟೀಚರ್. ಬಸ್ಸು ಓಡಿಸುವ ಗಂಡ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ. ಅವಳು ಒಂದು ಸಲ ಊದಿದರೆ ಮುನ್ನೂರು ಮಕ್ಕಳು ಸಾಲು ನಿಲ್ಲುತ್ತಿದ್ದರು. ಹೆಡ್‌ಮಾಸ್ಟರು ಮೈಕ್ ಹಿಡಿದು ಗಂಟಲು ಹರಿದುಕೊಂಡರೂ ಆಗದ ಕೆಲಸ ಅದು, ಮತ್ತು ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಅವಳ ರಾಜ್ಯ ಇದ್ದದ್ದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಗಾಳಿ ಹೋದ ಚೆಂಡುಗಳು, ಹಗ್ಗ, ಗೋಡೆಗೆ ಬಣ್ಣದಲ್ಲಿ ಬರೆದ ಎತ್ತರದ ಗೆರೆಗಳು, ಯಾರು ಹತ್ತಿದರೂ ಅರ್ಧ ಕಿಲೋ ಜಾಸ್ತಿ ತೋರಿಸುವ ತೂಕದ ಯಂತ್ರ. ಅದರ ಪಕ್ಕದ ಬೀರುವಿನಲ್ಲಿ ಒಂದು ದಪ್ಪ ಪುಸ್ತಕ. ಆ ಪುಸ್ತಕದ ವಿಷಯ ಹೇಳದೆ ಈಕೆಯ ಕತೆ ಹೇಳಲು ಬರುವುದಿಲ್ಲ.

ಮೇಲಿನ ಮೂರು ತರಗತಿಯ ಪ್ರತಿ ಮಗುವಿಗೂ ಅದರಲ್ಲಿ ಒಂದೊಂದು ಹಾಳೆ. ಎತ್ತರ, ತೂಕ, ಎದೆಯ ಸುತ್ತಳತೆ, ನೂರು ಮೀಟರ್ ಓಡಿದ ಸಮಯ. ಇಷ್ಟನ್ನು ಯಾವ ಶಾಲೆಯ ಆಟದ ಟೀಚರ್ ಬೇಕಾದರೂ ಬರೆದಿಡುತ್ತಾರೆ. ಆದರೆ ಈಕೆ ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಬ್ಬ ಹುಡುಗ ಓಡುತ್ತ ಓಡುತ್ತಲೇ ಕಣ್ಣು ಕತ್ತಲೆ ಬಂದು ಬಿದ್ದ. ಹಿಂದಿನ ಮಧ್ಯಾಹ್ನದಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವತ್ತಿನಿಂದ ಅವಳು ಕಷ್ಟದಲ್ಲಿರುವ ಮಕ್ಕಳ ಹಾಳೆಯ ಕೆಳಗೆ ಎರಡು ಸಾಲು ಬರೆಯತೊಡಗಿದಳು. "ಬೆಳಿಗ್ಗೆ ತಿನ್ನದೆ ಬರುತ್ತಾನೆ, ಮೊದಲ ಪೀರಿಯಡ್ ಓಡಿಸಬಾರದು." "ಅಪ್ಪನ ಫ್ಯಾಕ್ಟರಿ ಮುಚ್ಚಿದೆ, ಬೂಟು ಎಲ್ಲಿ ಎಂದು ಕೇಳಬಾರದು." "ಮನೆಯಲ್ಲಿ ಅಜ್ಜಿ ಮಾತ್ರ, ಬಿದ್ದರೆ ಕರೆಯಲು ಬೇರೆ ಯಾರೂ ಇಲ್ಲ." ಬಾಯಲ್ಲಿ ಬೆಂಕಿ ಉಗುಳುವ ಈ ಹೆಂಗಸಿನ ಮನಸ್ಸು ಇದ್ದದ್ದು ಆ ಎರಡು ಸಾಲುಗಳಲ್ಲಿ. ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ.

ಹಿಂದಿನ ವರ್ಷ ಸೈನ್ಯಕ್ಕೆ ಆಳು ಸೇರಿಸುವವರು ಮೊದಲ ಸಲ ಶಾಲೆಗೆ ಬಂದರು. ಮೈದಾನದಲ್ಲಿ ಡೇರೆ ಹಾಕಿದರು, ಮಕ್ಕಳಿಗೆ ಟೋಪಿ ಹಂಚಿದರು, ಕಬ್ಬಿಣದ ಕಂಬಿಗೆ ಜೋತುಬಿದ್ದು ಹತ್ತು ಸಲ ಮೇಲೆದ್ದವರಿಗೆ ಚಪ್ಪಾಳೆ ಹೊಡೆಸಿದರು. ಅವರ ಸಾಹೇಬ ತೀರ ಮೆದು ಮಾತಿನ ಯುವಕ. "ನಿಮ್ಮ ಮಕ್ಕಳು ಎಷ್ಟು ಚೆನ್ನಾಗಿ ಓಡ್ತಾರೆ ಟೀಚರ್! ಅಳತೆ ಪುಸ್ತಕ ಇದ್ರೆ ಎರಡು ದಿನ ಕೊಡ್ತೀರಾ?" ಎಂದು ಕೇಳಿದ. ಇಪ್ಪತ್ತೈದು ವರ್ಷದಲ್ಲಿ ಅವಳ ಅಳತೆಗಳನ್ನು ನೋಡುತ್ತೇನೆ ಎಂದವನು ಅವನೊಬ್ಬನೇ. ಟೀಚರ್ ಉಬ್ಬಿಹೋದಳು. ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿ ತಾನೇ ತಂದು ಕೊಟ್ಟಳು. ಕೆಳಗಿನ ಎರಡು ಸಾಲು ಆ ಹೊತ್ತಿನಲ್ಲಿ ಅವಳ ನೆನಪಿಗೆ ಬರಲೇ ಇಲ್ಲ.

ಅವಳು ಮಾಡಿದ ತಪ್ಪು ಏನೆಂದು ತಿಳಿದದ್ದು ಈ ವರ್ಷ, ಶಾಲೆ ಶುರುವಾದ ಮೇಲೆ, ಇಸ್ತ್ರಿ ಅಂಗಡಿಯಲ್ಲಿ.

ಅಂಗಡಿ ನಡೆಸುವ ಹೆಂಗಸಿನ ಮಗನನ್ನು ಮೈದಾನದಲ್ಲಿ ಎಲ್ಲರೂ ಏಣಿ ಎನ್ನುತ್ತಿದ್ದರು, ಅಷ್ಟು ಎತ್ತರ. ವೈರಿಂಗ್ ಕೆಲಸ ಕಲಿಯುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಹುಡುಗ ಸೈನ್ಯಕ್ಕೆ ಸೇರಿ ಆರು ತಿಂಗಳಾಗಿತ್ತು. ಹೇಗಿದ್ದಾನೆ ಎಂದು ಟೀಚರ್ ಕೇಳಿದಳು.

"ಏನೋ ಇದಾನೆ ಟೀಚರ್. ಫೋನಲ್ಲಿ ಜಾಸ್ತಿ ಮಾತಾಡಲ್ಲ. ಆದ್ರೆ ಆ ಸಾಹೇಬ್ರು ಮಾತ್ರ ದೇವ್ರಂಥೋರು ಬಿಡಿ," ಎಂದಳು ತಾಯಿ, ಅಂಗಿಯ ತೋಳು ಒತ್ತುತ್ತ. "ನಾವು ಬಾಯಿ ಬಿಟ್ಟು ಒಂದು ಮಾತು ಹೇಳಿಲ್ಲ. ಬಂದು ಈ ಸ್ಟೂಲ್ ಮೇಲೆ ಕೂತ್ಕೊಂಡು, 'ಇನ್ಮೇಲೆ ನಿಮ್ಮ ಮಗ ಬೆಳಿಗ್ಗೆ ಹಸ್ಕೊಂಡು ಓಡೋ ಹಂಗಿಲ್ಲಮ್ಮ' ಅಂದ್ರು. ಅವ್ನ ಬೂಟಿನ ಅಡಿ ಕಿತ್ತು ಹೋಗಿದ್ದೂ ಗೊತ್ತು ಅವ್ರಿಗೆ. ಹೇಳ್ದೇನೇ ಅರ್ಥ ಮಾಡ್ಕೊಂಡ್ರು, ನೋಡಿ."

ಏಣಿಯ ಹಾಳೆಯಲ್ಲಿ ತಾನು ಬರೆದ ಸಾಲುಗಳು ಇದ್ದಕ್ಕಿದ್ದ ಹಾಗೆ ಟೀಚರ್ ಕಣ್ಣ ಮುಂದೆ ಬಂದವು.

"ಅವನೇ ಹೋಗ್ತೀನಿ ಅಂದ್ನಾ?"

"ಅವ್ನು ಅವತ್ತು ಬಾಯೇ ಬಿಡ್ಲಿಲ್ಲ. ಹೋಗೋ ಹಿಂದಿನ ದಿನ ಕೇಳ್ದೆ, ಇಷ್ಟ ಇಲ್ದಿದ್ರೆ ಯಾಕೋ ರುಜು ಹಾಕ್ದೆ ಅಂತ. 'ಅವ್ರಿಗೆ ನಮ್ಮನೆ ವಿಷ್ಯ ಎಲ್ಲಾ ಗೊತ್ತಿತ್ತಮ್ಮ, ಬೇಡ ಅನ್ನೋಕೆ ನಾಚಿಕೆ ಆಯ್ತು' ಅಂದ."

ಅಲ್ಲಿಂದ ಟೀಚರ್ ನೇರ ಮನೆಗೆ ಹೋಗಲಿಲ್ಲ. ಇನ್ನೂ ನಾಲ್ಕು ಮನೆಗಳ ಬಾಗಿಲು ತಟ್ಟಿದಳು. ಸಾಹೇಬ ಹೋದದ್ದು ಜೋರಾಗಿ ಓಡುವ ಮಕ್ಕಳ ಮನೆಗಲ್ಲ, ಎರಡು ಸಾಲಿನ ಮಕ್ಕಳ ಮನೆಗೆ. ಹಸಿದ ಮಗುವನ್ನು ಓಡಿಸಬಾರದು ಎಂದು ಅವಳು ಗುರುತು ಹಾಕಿಟ್ಟಿದ್ದಳು. ಅವರು ಅದನ್ನೇ ಹಿಡಿದು ಹಸಿದ ಮಕ್ಕಳನ್ನು ಹುಡುಕಿಕೊಂಡು ಹೋಗಿದ್ದರು. ಕಷ್ಟದಲ್ಲಿದ್ದ ಮನೆಗಳ ದಾರಿಯನ್ನು ತನ್ನ ಕೈಯಾರೆ, ಹೊಸ ಹೊದಿಕೆ ಹಾಕಿ, ತೋರಿಸಿಕೊಟ್ಟವಳು ಅವಳೇ.

ಹೀಗಿರುವಾಗ ಒಂದು ಗುರುವಾರ ಹೆಡ್‌ಮಾಸ್ಟರು ಕರೆಸಿದರು. ಸೈನ್ಯದವರು ಸೋಮವಾರ ಬರುತ್ತಾರೆ, ಈ ವರ್ಷದ ಅಳತೆ ಪುಸ್ತಕ ಕೇಳಿದ್ದಾರೆ, ಶಾಲೆಗೆ ಹನ್ನೆರಡು ಕಂಪ್ಯೂಟರ್ ಕೊಡುತ್ತಾರಂತೆ.

"ಪುಸ್ತಕ ಕೊಡಲ್ಲ ಸಾರ್. ಅವ್ರನ್ನ ಗೇಟಿನ ಒಳಗೆ ಬಿಡೋದೂ ಬೇಡ."

ಹೆಡ್‌ಮಾಸ್ಟರು ಕನ್ನಡಕ ತೆಗೆದರು. ಕೆಟ್ಟ ಮನುಷ್ಯರಲ್ಲ, ಮೇಲಿನಿಂದ ಬಂದ ಕಾಗದ ಕಂಡರೆ ಕಾಲು ನಡುಗುವ ಜಾತಿ, ಅಷ್ಟೇ. "ದೇಶಸೇವೆಗೆ ಅಡ್ಡ ಬರ್ತೀರಾ ಟೀಚರ್?"

"ನನ್ನ ಅಣ್ಣ ಹದಿನೆಂಟು ವರ್ಷ ಮಾಡಿ ಬಂದಿದಾನೆ. ಇಪ್ಪತ್ತೆರಡನೇ ವಯಸ್ಸಲ್ಲಿ ತಾನೇ ಬಸ್ಸು ಹತ್ತಿ, ಅವ್ರ ಆಫೀಸಿಗೆ ಹೋಗಿ ಹೆಸರು ಕೊಟ್ಟ. ಆ ಆಫೀಸು ಇವತ್ತೂ ಅಲ್ಲೇ ಇದೆ, ಬೀಗ ಹಾಕಿಲ್ಲ. ಹೋಗೋರು ದೊಡ್ಡೋರಾಗಿ ಹೋಗ್ಲಿ."

"ನರ್ಸಿಂಗ್ ಕಾಲೇಜಿನವ್ರು ಬಂದಾಗ ನೀವೇ ಟೀ ತರಿಸಿಕೊಟ್ರಿ."

"ನರ್ಸಿಂಗಿಗೆ ಸೇರಿದ ಹುಡುಗಿ ಬೇಡ ಅನ್ನಿಸಿದ್ರೆ ಮಾರನೇ ದಿನ ಚೀಲ ಎತ್ಕೊಂಡು ಮನೆಗೆ ಬರ್ತಾಳೆ. ಏಣಿ ಬರೋಕಾಗತ್ತಾ?" ಟೀಚರ್ ದನಿ ವರಾಂಡ ದಾಟಿತು. "ಬೀದಿಯಲ್ಲಿ ಯಾರಾದ್ರೂ ಕರೆದ್ರೆ ಮಗು ತಪ್ಪಿಸ್ಕೊಂಡು ಓಡಿ ಹೋಗಬಹುದು. ಇಲ್ಲಿ ಅವ್ರ ಪಕ್ಕ ನೀವು ನಿಂತಿರ್ತೀರಿ, ನಾನು ನಿಂತಿರ್ತೀನಿ. ನಮ್ಮ ಮುಖ ನೋಡಿ ಒಲ್ಲೆ ಅನ್ನೋ ಧೈರ್ಯ ಯಾವ ಮಗುವಿಗಿದೆ? ಇಪ್ಪತ್ತಾರು ವರ್ಷ ಹೇಳಿದ ಹಾಗೆ ಕೇಳೋದನ್ನ ಕಲಿಸಿದೀನಿ ಸಾರ್. ಅದು ಅವ್ರಿಗೆ ಉಪಯೋಗಕ್ಕೆ ಬರೋದು ಬೇಡ."

"ಪುಸ್ತಕ ಶಾಲೆಯದು. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಇರಬೇಕು. ಇಲ್ಲದಿದ್ರೆ ಅಮಾನತಿಗೆ ಬರೀಬೇಕಾಗತ್ತೆ. ನಿವೃತ್ತಿಗೆ ಎರಡೇ ವರ್ಷ ಇದೆ ನಿಮಗೆ, ಯೋಚನೆ ಮಾಡಿ."

ಮನೆಯಲ್ಲಿ ಗಂಡ ಎಲ್ಲ ಕೇಳಿಸಿಕೊಂಡ. "ಮದುವೆಯಾದ ಮೂವತ್ತು ವರ್ಷದಿಂದ ನಾನೇ ನಿನ್ನ ಸೀಟಿಗೆ ಸಾಲಲ್ಲಿ ನಿಂತಿದೀನಿ. ಪಾಪ, ಹೆಡ್‌ಮಾಸ್ಟರಿಗೆ ನಿನ್ನನ್ನ ಸಾಲಲ್ಲಿ ನಿಲ್ಲಿಸೋ ಆಸೆ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಆ ಎರಡು ಸಾಲಿನ ಮೇಲೆ ಮಸಿ ಬಳಿದು ಕೊಟ್ಟುಬಿಡು. ಹಾವೂ ಸಾಯಲ್ಲ..." ಎಂದು ಶುರು ಮಾಡಿದವನನ್ನು ಅವಳು ಅಲ್ಲೇ ತಡೆದಳು.

"ಮಸಿ ಬಳಿದ ಹಾಳೆ ಯಾವುದು ಅಂತ ನೋಡ್ಕೊಂಡ್ರೆ ಸಾಕು ಅವ್ರಿಗೆ. ಹುಡುಕೋ ಕೆಲಸವೂ ತಪ್ಪತ್ತೆ."

"ಹಾಗಾದ್ರೆ ಮಾಡೋದನ್ನ ಸರಿಯಾಗಿ ಮಾಡು. ನನ್ನ ಸಂಬಳ ಇದೆ," ಎಂದ ಗಂಡ. ಆ ಮಾತಿಗೆ ಅವಳಿಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಶುಕ್ರವಾರ ಅವಳು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಪುಸ್ತಕದ ಹೊಲಿಗೆ ಬಿಚ್ಚಿದಳು. ಮೇಲಿನ ತರಗತಿಯ ನೂರ ನಲವತ್ತು ಮಕ್ಕಳನ್ನು ಆ ದಿನವೂ ಶನಿವಾರವೂ ಒಬ್ಬೊಬ್ಬರನ್ನೇ ಕರೆದು, ಅವರವರ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವರವರ ಕೈಗೇ ಕೊಟ್ಟಳು. "ಇದು ನಿಂದು. ನಿನ್ನ ಮೈ, ನಿನ್ನ ಮನೆ ವಿಷಯ. ಯಾರಿಗೆ ತೋರಿಸಬೇಕು, ತೋರಿಸಬಾರದು, ನೀನು ಯೋಚನೆ ಮಾಡು. ನಾನು ಕೇಳಿದ್ರೂ ಅಷ್ಟೇ."

ಕೆಲವರು ಹಾಗೇ ಜೇಬಿಗೆ ತುರುಕಿಕೊಂಡು ಓಡಿದರು. ಕೆಲವರು ಎತ್ತರ ಮಾತ್ರ ನೋಡಿ ಗೆಳೆಯರ ಜೊತೆ ಜಗಳಕ್ಕೆ ನಿಂತರು. ಒಬ್ಬ ಹುಡುಗ ಮಾತ್ರ ಅಲ್ಲೇ ಬಿಚ್ಚಿ ಕೆಳಗಿನ ಸಾಲು ಓದಿದ. ಅವನ ಕಿವಿ ಕೆಂಪಾಯಿತು. "ನಮ್ಮಪ್ಪ ಕುಡೀತಾರೆ ಅಂತ ಯಾಕೆ ಬರೆದ್ರಿ ಟೀಚರ್? ನಾನು ಹೇಳಿದ್ನಾ ನಿಮಗೆ?" ಎಂದ.

ನಿನ್ನ ಒಳ್ಳೆಯದಕ್ಕೆ ಎನ್ನಬಹುದಿತ್ತು. ಆ ಸಾಹೇಬನೂ ಅದನ್ನೇ ಅನ್ನುತ್ತಿದ್ದ.

"ತಪ್ಪಾಯ್ತು," ಎಂದಳು. ಆ ಕೋಣೆಯಲ್ಲಿ ಅವಳು ಒಂದು ಮಗುವಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರ ಮೇಜಿನ ಮೇಲೆ ಪುಸ್ತಕದ ಎರಡು ರಟ್ಟು ಇದ್ದವು, ನಡುವೆ ಏನೂ ಇರಲಿಲ್ಲ. ಅವರು ಮುಖ ಕೆಂಪು ಮಾಡಿಕೊಂಡು ಮೈದಾನಕ್ಕೆ ಇಳಿದು ಬಂದರು. ಹಿಂದೆ ಮೆದು ಮಾತಿನ ಸಾಹೇಬ, ಇಸ್ತ್ರಿಯ ಗೆರೆ ಮುರಿಯದ ಸಮವಸ್ತ್ರದಲ್ಲಿ. ಡೇರೆ ಆಗಲೇ ಎದ್ದಿತ್ತು. ಮೇಲಿನ ತರಗತಿಯ ಮಕ್ಕಳು ಅಲ್ಲಲ್ಲಿ ಗುಂಪಾಗಿ ನಿಂತಿದ್ದರು.

"ಹಾಳೆಗಳು ಎಲ್ಲಿ?"

"ಅವ್ರವ್ರದು ಅವ್ರವ್ರ ಹತ್ರ ಇದೆ ಸಾರ್."

"ಸೀಟಿ ಊದಿ. ಸಾಲು ನಿಲ್ಲಿಸಿ ಎಲ್ಲಾ ವಾಪಸ್ ತಗೊಳ್ಳಿ. ಈಗಲೇ."

"ಊದಲ್ಲ."

"ಇದು ಆದೇಶ ಟೀಚರ್!"

"ಬರೆದು ಕೊಡಿ ಸಾರ್, ಅಮಾನತಿನ ಕಾಗದದ ಜೊತೆ. ಎರಡಕ್ಕೂ ಒಟ್ಟಿಗೆ ರುಜು ಹಾಕ್ತೀನಿ."

ಮಕ್ಕಳ ಕಡೆಯಿಂದ ಒಂದು ಕಿಸಕ್ ನಗು ಕೇಳಿಸಿತು. ಹೆಡ್‌ಮಾಸ್ಟರು ತಾವೇ ಚಪ್ಪಾಳೆ ತಟ್ಟಿ "ಸಾಲು! ಸಾಲು!" ಎಂದು ಕೂಗಿದರು. ನಾಲ್ಕು ಜನ ಅರೆಮನಸ್ಸಿನಿಂದ ಸಾಲಿನಂಥದ್ದೇನೋ ಮಾಡಿ, ಉಳಿದವರನ್ನು ನೋಡಿ, ಮತ್ತೆ ಚದುರಿದರು.

ಸಾಹೇಬನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದು ಅವನ ಕೆಲಸದ ರೀತಿಯೇ ಅಲ್ಲ. "ಪರವಾಗಿಲ್ಲ ಸಾರ್, ಮಕ್ಕಳನ್ನೇ ಕೇಳ್ತೀನಿ," ಎಂದು ಎಲ್ಲರಿಗಿಂತ ಹತ್ತಿರ ನಿಂತಿದ್ದವಳ ಬಳಿ ಹೋದ. ತರಗತಿಯಲ್ಲೇ ಕುಳ್ಳಿ, ಓಟದಲ್ಲಿ ಯಾವತ್ತೂ ಕೊನೆ, ಬಾಯಿ ಬಿಟ್ಟರೆ ಮುತ್ತು ಉದುರುತ್ತವೆ ಎಂಬಂತೆ ಬಾಯಿ ಮುಚ್ಚಿಕೊಂಡೇ ಇರುವ ಹುಡುಗಿ. ಅವನು ಮಂಡಿಯ ಮೇಲೆ ಕೈಯೂರಿ ಬಾಗಿ, ಅಣ್ಣನ ಹಾಗೆ ನಕ್ಕು, ಕೈ ಚಾಚಿದ.

"ಎಲ್ಲಿ ಪುಟ್ಟಿ, ನಿನ್ನ ಹಾಳೆ ಕೊಡು ನೋಡೋಣ."

ಹುಡುಗಿ ಹೆಡ್‌ಮಾಸ್ಟರ ಮುಖ ನೋಡಿದಳು. ಟೀಚರ್ ಮುಖ ನೋಡಿದಳು. ಟೀಚರ್ ಕಣ್ಣು ಮಿಟುಕಿಸಲಿಲ್ಲ, ತಲೆ ಆಡಿಸಲಿಲ್ಲ. ಹಾಗೆ ಏನೂ ಮಾಡದೆ ನಿಲ್ಲುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೇ ಗೊತ್ತು. ಹುಡುಗಿಯ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು.

"ಯಾಕೆ?" ಎಂದಳು.

ಸಾಹೇಬನ ನಗು ಅರ್ಧಕ್ಕೆ ನಿಂತಿತು. ಅವನು ನೆಟ್ಟಗಾಗಿ ಹೆಡ್‌ಮಾಸ್ಟರ ಕಡೆ ನೋಡಿದ. ಹೆಡ್‌ಮಾಸ್ಟರು ಟೀಚರ್ ಕಡೆ ನೋಡಿದರು.

ಟೀಚರ್ ನಾಲ್ಕು ಹೆಜ್ಜೆ ನಡೆದು ಹೋಗಿ ಹುಡುಗಿಯ ಪಕ್ಕದಲ್ಲಿ ನಿಂತಳು.

"ಹೇಳಿ ಸಾರ್," ಎಂದಳು. "ಮಗು ಕೇಳ್ತಾ ಇದೆ."