ಸುಂಕ ಮಾಫಿಗೆ ಕಾದ ಔಷಧಿ

ನನ್ನ ಸೋದರತ್ತೆಯ ಗಂಡನನ್ನು ಬಂದರಿನ ಜನ ನಾಳೆಯಪ್ಪ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು; ಮಾವನಿಗೆ ಅದು ಬಿರುದು ಸಿಕ್ಕಷ್ಟು ಖುಷಿ. ಹೊರದೇಶದಿಂದ ಬಂದ ಸರಕನ್ನು ವ್ಯಾಪಾರಿಗಳ ಪರವಾಗಿ ಸುಂಕದ ಕಚೇರಿಯಿಂದ ಬಿಡಿಸಿಕೊಡುವುದು ಅವರ ಕಸಬು. ಆ ಕಸಬಿನಲ್ಲಿ ಒಂದು ಪದ್ಧತಿ ಇದೆ. ಬಂದ ಸರಕಿಗೆ ತಕ್ಷಣ ಸುಂಕ ಕಟ್ಟಲೇಬೇಕೆಂದಿಲ್ಲ, ಇಲಾಖೆಯ ಬೀಗವಿರುವ ಗೋದಾಮಿನಲ್ಲಿ ಇಟ್ಟಿರಬಹುದು. ಬಿಡಿಸಿಕೊಳ್ಳುವ ದಿನ ಯಾವ ದರವಿದೆಯೋ ಅದನ್ನು ಕಟ್ಟಿದರಾಯಿತು. ಸರ್ಕಾರವೋ ಮನಸ್ಸು ಬಂದಾಗಲೆಲ್ಲ ನಿಯಮಗಳನ್ನು ತಿದ್ದುತ್ತಿರುತ್ತದೆ. ಯಾವ ಸರಕಿಗೆ ಯಾವಾಗ ವಿನಾಯಿತಿ ಸಿಗುತ್ತದೆ ಎಂದು ಮೂಸಿ ಹೇಳುವುದರಲ್ಲಿ ಮಾವ ಎತ್ತಿದ ಕೈ. ವ್ಯಾಪಾರಿ ಎಷ್ಟೇ ಚಡಪಡಿಸಲಿ, ನಾಳೆ ನೋಡೋಣ ಎಂದು ಕಡತ ಮುಚ್ಚಿಬಿಡುತ್ತಿದ್ದರು.

ಅವರ ಕಚೇರಿ ಎಂದರೆ ಹಗ್ಗದ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ. ಕಿಟಕಿಯ ಅರ್ಧಕ್ಕೆ, ಸರ್ಕಾರದ ತಿದ್ದುಪಡಿಗಳು ಅಚ್ಚಾದ ಹಳೆಯ ರಾಜ್ಯಪತ್ರಗಳ ಅಟ್ಟಿ. ಉಳಿದರ್ಧದಲ್ಲಿ ಕ್ರೇನುಗಳ ತಲೆ ಕಾಣುತ್ತಿತ್ತು. ಮನೆಯಲ್ಲೂ ಅದೇ ಚಾಳಿ. ಅತ್ತೆಯ ಹೊಲಿಗೆ ಯಂತ್ರವನ್ನು ಹೊರದೇಶದಿಂದ ತರಿಸಿ, ಸುಂಕ ಇಳಿಯಲಿ ಎಂದು ಗೋದಾಮಿನಲ್ಲಿ ಕೂರಿಸಿದ್ದರಂತೆ. ಯಂತ್ರ ಮನೆಗೆ ಬರುವಷ್ಟರಲ್ಲಿ ಯಾವ ಹಸುಗೂಸಿಗೆ ಅಂಗಿ ಹೊಲಿಯಬೇಕೆಂದು ಅತ್ತೆ ಅಳತೆ ತೆಗೆದುಕೊಂಡಿದ್ದರೋ ಆ ಮಗು ಶಾಲೆಗೆ ಹೋಗುತ್ತಿತ್ತು. ಈ ಕಥೆ ಹೇಳಿ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಅತ್ತೆಯೂ ನಗುತ್ತಿದ್ದರು.

ಅತ್ತೆಯದು ನಾಜೂಕಿನ ಕೆಲಸ. ಹರಿದ ಕೋಟು, ಇಲಿ ಕಡಿದ ಶಾಲು, ಇಸ್ತ್ರಿ ಸುಟ್ಟ ಉಣ್ಣೆಯ ಬಟ್ಟೆ, ಇವುಗಳಿಗೆ ಅದೇ ಬಟ್ಟೆಯ ಅಂಚಿನಿಂದ ಎಳೆ ಎಳೆದು, ಒಂದೊಂದೇ ಎಳೆ ಸೇರಿಸಿ, ಹರಿದಿದ್ದೇ ಗೊತ್ತಾಗದ ಹಾಗೆ ಮುಚ್ಚುತ್ತಿದ್ದರು. ಅವರ ಎಡಗಣ್ಣು ಹಿಂದೆಯೇ ಹೋಗಿತ್ತು, ಆಗ ಅದಕ್ಕೆ ಔಷಧಿಯೇ ಇರಲಿಲ್ಲ. ಬಲಗಣ್ಣೊಂದರಲ್ಲೇ ಇಷ್ಟೆಲ್ಲ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಸೂಜಿ ಕೆಳಗಿಟ್ಟು, ಎಳೆ ಎಲ್ಲ ಸೊಟ್ಟಗೆ ಕಾಣುತ್ತಿದೆ, ಬಟ್ಟೆ ಸೊಟ್ಟವೋ ನನ್ನ ಕಣ್ಣು ಸೊಟ್ಟವೋ ನೋಡೇ ಎಂದು ನನಗೆ ತೋರಿಸಿದರು. ಬಟ್ಟೆ ನೆಟ್ಟಗಿತ್ತು.

ಕಣ್ಣಿನ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ಕಣ್ಣಿನ ಹಿಂಭಾಗದಲ್ಲಿ ರಕ್ತ ಜಿನುಗುತ್ತಿದೆ, ಬಿಟ್ಟರೆ ನೋಟದ ನಡುಭಾಗ ಹೋಗುತ್ತದೆ, ಈಗ ಇದಕ್ಕೊಂದು ಚುಚ್ಚುಮದ್ದು ಬಂದಿದೆ, ಇಲ್ಲಿ ಸಿಗುವುದಿಲ್ಲ, ತರಿಸಿ, ಬೇಗ ತರಿಸಿ ಎಂದರು. ತರಿಸುವ ವಿಷಯದಲ್ಲಿ ಮಾವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಔಷಧಿ ವಿಮಾನದಲ್ಲಿ ಬಂದು ಸುಂಕದವರ ಶೀತಲ ಗೋದಾಮು ಸೇರಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು.

ಅಲ್ಲಿಂದ ಅದು ಹೊರಗೆ ಬರಲಿಲ್ಲ. ಜೀವ ಉಳಿಸುವ ಔಷಧಿಗಳಿಗೆ ಸುಂಕ ಮಾಫಿ ಇತ್ತು. ಆದರೆ ಆ ಪಟ್ಟಿಯಲ್ಲಿ ಇದರ ಹೆಸರಿರಲಿಲ್ಲ. ಮಾವ ಅಧಿಕಾರಿಯ ಮುಂದೆ ಕೂತು ವಾದಿಸಿದರು. ಆತ ಒಳ್ಳೆಯವನೇ, ಚಹಾ ತರಿಸಿಕೊಟ್ಟ. ಆಮೇಲೆ, ಕಣ್ಣು ಹೋದರೆ ಜೀವ ಹೋಗುವುದಿಲ್ಲವಲ್ಲ ಸ್ವಾಮಿ ಎಂದ. ಜೊತೆಗೆ, ಮುಂದಿನ ತಿದ್ದುಪಡಿಯಲ್ಲಿ ಇದನ್ನೂ ಸೇರಿಸುತ್ತಾರೆಂದು ಮಾತಿದೆ ಎಂದು ಒಂದು ಬೀಜ ಬಿತ್ತಿ ಕಳಿಸಿದ. ಅಷ್ಟು ಸಾಕಾಯಿತು.

ಮಾವನ ಬಳಿ ದುಡ್ಡಿರಲಿಲ್ಲವೇ? ಇತ್ತು. ಸುಂಕ ದೊಡ್ಡದೇ, ಆದರೆ ಕೈಗೆಟುಕದ್ದಲ್ಲ. ನನ್ನ ಅಪ್ಪ ಹೋಗಿ, ಭಾವ, ಅಕ್ಕನ ಕಣ್ಣಿನ ವಿಷಯ, ಆ ಸುಂಕ ನಾನೇ ಕಟ್ಟುತ್ತೇನೆ ಎಂದರು. ಮಾವನಿಗೆ ಅವಮಾನವಾಯಿತು.

"ದುಡ್ಡಿನ ಮಾತಲ್ಲ ಕಣಯ್ಯಾ. ನಾಳೆ ಬಿಡೋ ಸುಂಕನ ಇವತ್ತು ಕಟ್ಟಿದ್ರೆ, ಇಷ್ಟು ವರ್ಷ ನಾನು ಈ ಬಂದರಲ್ಲಿ ಕತ್ತೆ ಕಾದ ಹಾಗಲ್ವಾ?"

ಅಪ್ಪ ಬಾಯಿ ಮುಚ್ಚಿಕೊಂಡು ಬಂದರು. ಅದಕ್ಕೆ ನಾನು ಅಪ್ಪನನ್ನೂ ಇನ್ನೂ ಪೂರ್ತಿ ಕ್ಷಮಿಸಿಲ್ಲ.

ತಿದ್ದುಪಡಿ ಬಂತು. ಮಾವ ಕಚೇರಿಯಿಂದ ಮನೆಗೆ ಓಡಿಬಂದು, ಅತ್ತೆಯ ಪಕ್ಕ ಕೂತು ಗಟ್ಟಿಯಾಗಿ ಓದಿದರು. ಅಲಂಕಾರದ ಮೀನು ಎಂಬ ಪದಗಳ ಬದಲಿಗೆ ಅಲಂಕಾರದ ಜೀವಂತ ಮೀನು ಎಂಬ ಪದಗಳನ್ನು ಸೇರಿಸತಕ್ಕದ್ದು. ಕೊಡೆಯ ಹಿಡಿಗೆ ವಿನಾಯಿತಿ ಮುಂದುವರಿಯತಕ್ಕದ್ದು. ಓದುತ್ತಾ ಓದುತ್ತಾ ಮಾವನ ದನಿ ಇಳಿಯಿತು. ಕಣ್ಣಿನ ಔಷಧಿಯ ಸುದ್ದಿಯೇ ಇರಲಿಲ್ಲ. ಆ ಹೊತ್ತಿಗೆ ಅತ್ತೆಗೆ ಸೂಜಿಯ ಕಣ್ಣು ಹೋಗಲಿ, ಸೂಜಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಗಿರಾಕಿಗಳ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ವಾಪಸು ಕಳಿಸುತ್ತಿದ್ದರು.

ನಾನು ಅಂದು ಮಾವನ ಮೇಲೆ ಹರಿಹಾಯ್ದೆ. ಇದೇನು ಕೊಡೆಯ ಹಿಡಿಯೇ, ಮಳೆ ಬರುವವರೆಗೆ ಕಾಯಲು ಎಂದೆ. ಹಿರಿಯರು ಕಿರಿಯರು ಎಂಬುದನ್ನೂ ನೋಡದೆ ಬಾಯಿಗೆ ಬಂದದ್ದೆಲ್ಲ ಅಂದೆ. ತಡೆದದ್ದು ಅತ್ತೆಯೇ. ಅವರಿಗೆ ಎಲ್ಲ ಗೊತ್ತಿತ್ತು. ಮಾವ ಯಾವುದನ್ನೂ ಮುಚ್ಚಿಟ್ಟಿರಲಿಲ್ಲ.

"ಬಿಡೇ. ಇಷ್ಟು ದಿನ ಕಾದಿದ್ದಾರೆ. ಈಗ ಸುಂಕ ಕಟ್ಟಿ, ನಾಳೇನೇ ಮಾಫಿ ಬಂದ್ರೆ ಆಮೇಲೆ ಅವರನ್ನ ಹಿಡಿಯೋಕಾಗುತ್ತಾ?"

ಗಂಡ ಸೋಲಬಾರದೆಂದು ಆಕೆಗೆ ಅಷ್ಟೊಂದು ಆಸೆ. ನನಗೆ ಅಳುವೇ ಬಂತು. ಪ್ರೀತಿ ಇಷ್ಟು ದಡ್ಡತನ ಮಾಡಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ತಿದ್ದುಪಡಿಯಲ್ಲಿ ಔಷಧಿಯ ಹೆಸರು ಬಂತು. ಪೂರ್ತಿ ಮಾಫಿ. ಹಗ್ಗದ ಅಂಗಡಿಯವನಿಂದ ಹಿಡಿದು ಕ್ರೇನಿನವರವರೆಗೆ ಬಂದರಿಗೆ ಬಂದರೇ ಮಾವನ ಬೆನ್ನು ತಟ್ಟಿತಂತೆ. ಅದೇ ದಿನ ಮಾವ ಸಹಿ ಹಾಕಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿ ಔಷಧಿ ಇಟ್ಟುಕೊಂಡು ಆಸ್ಪತ್ರೆಗೆ ಬಂದರು. ನಾನು ಅತ್ತೆಯ ಕೈ ಹಿಡಿದು ಕರೆತಂದಿದ್ದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಾವನ ಮುಖದಲ್ಲಿ ಅಂಥ ಗೆಲುವನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟೂ ಅರ್ಧ ಇಳಿಯಿತು. ಹೋಗಲಿ, ಬಂತಲ್ಲ ಎಂದುಕೊಂಡೆ.

ಡಾಕ್ಟರಮ್ಮ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ದೀಪ ಆರಿಸಿ ಮತ್ತೆ ಹಚ್ಚಿ ನೋಡಿದರು. ಆಮೇಲೆ ಡಬ್ಬಿಯ ಕಡೆ ಕಣ್ಣು ಹಾಯಿಸಿ, ಔಷಧಿ ಬಂದು ಎಷ್ಟು ದಿನವಾಯಿತು ಎಂದು ಕೇಳಿದರು. ಮಾವ ಹೇಳಿದರು.

"ಒಳಗೆ ಕಲೆ ಕಟ್ಟಿಬಿಟ್ಟಿದೆ. ಈಗ ಚುಚ್ಚಿದ್ರೂ ಪ್ರಯೋಜನ ಇಲ್ಲ. ಅವತ್ತೇ ತಂದಿದ್ರೆ ಆಗ್ತಿತ್ತು."

ಅಷ್ಟೇ ಹೇಳಿ ಕೈ ತೊಳೆಯಲು ಎದ್ದರು. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು. ಮುಂದೆ ಇನ್ನೊಂದು ತಿದ್ದುಪಡಿಗಾಗಲಿ, ಇನ್ನೊಂದು ಔಷಧಿಗಾಗಲಿ ಕಾಯುವ ಮಾತೇ ಇರಲಿಲ್ಲ. ಅತ್ತೆ ಮಾವನ ಕಡೆ ತಿರುಗಿ, ಸುಂಕ ಪೂರ್ತಿ ಬಿಟ್ಟರಾ ಎಂದು ಕೇಳಿದರು. ಮಾವ ಹೂಂ ಎಂದರು.

"ನೀವು ಹೇಳಿದ ಹಾಗೇ ಆಯ್ತಲ್ಲ ಹಾಗಾದ್ರೆ."

ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಕಿವಿಗೊಟ್ಟೆ. ಇರಲಿಲ್ಲ. ಸಮಾಧಾನ ಹೇಳುತ್ತಿದ್ದರು. ಮಾವ ಬೆಂಚಿನಿಂದಿಳಿದು, ಆಸ್ಪತ್ರೆಯ ನೆಲದಲ್ಲೇ ಅತ್ತೆಯ ಎದುರು ಕೂತು, ನನ್ನ ಕಡೆ ನೋಡು, ಏನು ಕಾಣುತ್ತದೆ ಹೇಳು ಎಂದರು. ಅತ್ತೆ ನೋಡಿದರು. ಸುಳ್ಳು ಹೇಳುವುದು ಅವರಿಗೆ ಯಾವತ್ತೂ ಬರುತ್ತಿರಲಿಲ್ಲ.

"ಕಿವಿ ಕಾಣುತ್ತೆ. ಭುಜ ಕಾಣುತ್ತೆ. ಮುಖ ಇರೋ ಜಾಗದಲ್ಲಿ ಏನೂ ಇಲ್ಲ ರೀ."

ಮಾವ ಇನ್ನಷ್ಟು ಹತ್ತಿರ ಜರುಗಿದರು. ಈಗ, ಎಂದು ಕೇಳಿದರು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಮಾವ ಮತ್ತೂ ಹತ್ತಿರ ಜರುಗಿದರು.